ಉರಿಗಾಂ ರೈಲಿನ ತರಗತಿ

ಇದು ನಿಜವಾಗಿಯೂ ಹೀಗೆಯೇ ನಡೆಯಿತೇ ಎಂದು ನೀವು ಒತ್ತಿ ಕೇಳಿದರೆ ನಾನು ಖಂಡಿತವಾಗಿ ಹೌದು ಎನ್ನಲಾರೆ. ರೈಲು ಇತ್ತು, ಮೇಷ್ಟ್ರು ಇದ್ದರು, ಮುನಿರತ್ನಮ್ಮ ಇದ್ದರು. ಇಷ್ಟಕ್ಕೆ ಬೇಕಾದರೆ ಸಹಿ ಹಾಕಿಕೊಡುತ್ತೇನೆ. ಉಳಿದದ್ದಕ್ಕೆಲ್ಲ ನನ್ನ ಜ್ಞಾಪಕವೊಂದೇ ಆಧಾರ. ಅದು ಎಂಥ ಆಧಾರವೆಂಬುದನ್ನು, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿಕೊಂಡೇ ತಲೆ ನರೆತ ನನಗೆ ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ನಮ್ಮ ಮದುವೆಯ ದಿನ ಮಳೆ ಬಂದಿತ್ತು ಎಂದು ಹೆಂಡತಿ ಹೇಳಿದರೆ, ನಿನ್ನ ಕಡೆಯವರಲ್ಲದ ಯಾರಾದರೂ ಅದನ್ನು ಕಂಡಿದ್ದಾರೆಯೇ ಎಂದು ಕೇಳುವ ಮನುಷ್ಯ ನಾನು. ವಿಶ್ವವಿದ್ಯಾಲಯ ನನಗೆ ಕೊಟ್ಟ ವಿದ್ಯೆ ಇದು. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ಕಳೆದ ಚಳಿಗಾಲದಲ್ಲಿ ಒಂದು ವಿಶ್ವವಿದ್ಯಾಲಯದವರು ಭಾಷಣಕ್ಕೆ ಕರೆದಿದ್ದರು. ಹೋಗುವಾಗ ಸಿಟಿ ಬಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಬಿಳಿಗೂದಲು ಕಂಡು ಎದ್ದು ಸೀಟು ಬಿಟ್ಟಳು. ನಾನು ಕೂರಲಿಲ್ಲ. ಕಂಬಿ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳಿಗೆ ಗಾಬರಿಯಾಗಿ, ಕೂತ್ಕೊಳ್ಳಿ ಅಂಕಲ್ ಎಂದು ಮತ್ತೆ ಹೇಳಿದಳು. ಆಗ ಹೊಳೆಯಿತು, ನಾನು ಪ್ರಶ್ನೆಗೆ ಕಾಯುತ್ತಿದ್ದೆ. ಪ್ರಶ್ನೆಯನ್ನೇ ಕೇಳದೆ ಸೀಟು ಕೊಟ್ಟರೆ ಕೂರುವುದು ಹೇಗೆ? ಎಷ್ಟು ವರ್ಷದ ಹಿಂದೆ ಕಲಿತ ಪಾಠ, ತಲೆ ಮರೆತರೂ ಕಾಲು ಮರೆತಿರಲಿಲ್ಲ.

ಆ ಪಾಠ ಕಲಿತದ್ದು ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ಪ್ಯಾಸೆಂಜರಿನಲ್ಲಿ. ದೊಡ್ಡ ಲೈನಿನಿಂದ ಕವಲೊಡೆದು ಚಿನ್ನದ ಗಣಿಗಳ ಕಡೆ ಹೋಗುವ ಪುಟ್ಟ ದಾರಿ ಅದು. ಹತ್ತಿ, ಬೆವರೊರೆಸಿಕೊಂಡು, ಪಕ್ಕದವರ ಯೋಗಕ್ಷೇಮ ವಿಚಾರಿಸಿ ಮುಗಿಸುವಷ್ಟರಲ್ಲಿ ಕೋರಮಂಡಲ್; ಅದಾದ ಮೇಲೆ ಉರಿಗಾಂ. ತೆಲುಗಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಹೊರಳಿ ತಮಿಳಿನಲ್ಲಿ ಮುಗಿಯುತ್ತಿದ್ದ ಆ ಬೋಗಿಯಲ್ಲಿ ನಾನೊಬ್ಬ ಬಿ.ಎ. ವಿದ್ಯಾರ್ಥಿ. ಅಪ್ಪ ಚಿತ್ರದುರ್ಗದ ಕಡೆಯಿಂದ ಬಂದು ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು, ಮನೆ ಬಂಗಾರಪೇಟೆಯಲ್ಲಿ. ನನ್ನ ಕಾಲೇಜು ಉರಿಗಾಂನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ತುಂಬಿತ್ತೋ ಇಲ್ಲವೋ. ದೇಶ ಕಟ್ಟಬೇಕು ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತಿದ್ದರು. ಎಲ್ಲಿಂದ ಶುರು ಮಾಡಬೇಕೆಂದು ಯಾರೂ ಹೇಳುತ್ತಿರಲಿಲ್ಲ.

ನಾಗಭೂಷಣ ಮೇಷ್ಟ್ರು ರೈಲಿನಿಂದ ಶುರು ಮಾಡಿದ್ದರು. ಅವರು ನಮ್ಮ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು, ನನ್ನ ಹಾಗೆಯೇ ಬಂಗಾರಪೇಟೆಯಿಂದ ಬರುವವರು. ಶಾಲೆ ಅರ್ಧಕ್ಕೆ ಬಿಟ್ಟವರೂ ಒಂದು ಪ್ರವೇಶ ಪರೀಕ್ಷೆ ಪಾಸಾದರೆ, ಕೆಲಸ ಮಾಡಿಕೊಂಡೇ ಮನೆಯಲ್ಲಿ ಓದಿ ಬಿ.ಎ. ಪರೀಕ್ಷೆಗೆ ಕೂರಬಹುದು ಎಂದು ವಿಶ್ವವಿದ್ಯಾಲಯ ಆಗಷ್ಟೇ ಬಾಗಿಲು ತೆರೆದಿತ್ತು. ಬಾಗಿಲು ತೆರೆದವರು ಪಾಠದ ವ್ಯವಸ್ಥೆ ಮಾಡುವುದನ್ನು ಮರೆತಿದ್ದರು. ಕೆಲಸಕ್ಕೆ ಹೋಗುವವರಿಗೆ ಬಿಡುವೆಲ್ಲಿ? ರೈಲಿನಲ್ಲಿ ಕೂತಾಗ ತಾನೇ ಎಂದು ಮೇಷ್ಟ್ರು ಗಾರ್ಡಿನ ಡಬ್ಬಿಗೆ ಅಂಟಿದ ಕೊನೆಯ ಬೋಗಿಯಲ್ಲಿ ಪಾಠ ಶುರುವಿಟ್ಟುಕೊಂಡರು. ಗಣಿಯ ಫಿಟ್ಟರುಗಳು, ಒಬ್ಬ ನರ್ಸು, ಟಪಾಲು ಹಂಚುವವರು, ಹೀಗೆ ಒಂದು ಗುಂಪು ಸೇರಿತು. ಗಾಡಿ ಹಳಿ ಬದಲಿಸುವಾಗ ಸಂವಿಧಾನದ ಕಲಮುಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಕಷ್ಟವಿದ್ದದ್ದು ಸೀಟಿನದು. ವಿದ್ಯಾರ್ಥಿಗಳಿಗೂ ಪ್ರಯಾಣಿಕರಿಗೂ ದಿನಾ ಜಗಳ. ಮೇಷ್ಟ್ರು ಒಂದು ಕಾನೂನು ಮಾಡಿದರು: ಪ್ರಶ್ನೆಗೆ ಉತ್ತರ ಹೇಳಿದವರು ಕೂರಬೇಕು, ತಪ್ಪಿದವರು ಮುಂದಿನ ಸ್ಟೇಷನ್ನಿನವರೆಗೆ ನಿಲ್ಲಬೇಕು. ಇದನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆಂದು ಮಾಡಿದ್ದು. ಆದರೆ ಕಾನೂನಿಗೆ ಅದರದೇ ಒಂದು ಹಸಿವಿರುತ್ತದೆ. ತಿಂಗಳು ಕಳೆಯುವುದರೊಳಗೆ ಇಡೀ ಬೋಗಿಯನ್ನು ಅದು ಹಿಡಿದುಕೊಂಡಿತು. ಸಹಿಸದವರು ಬೇರೆ ಬೋಗಿಗೆ ಹೋದರು. ಉಳಿದವರು ಓದಿಕೊಂಡು ಬರತೊಡಗಿದರು. ಬುಟ್ಟಿ ತುಂಬ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ಮೂಲಭೂತ ಹಕ್ಕುಗಳನ್ನು ತೆಲುಗಿನಲ್ಲಿ ಒಪ್ಪಿಸಿ, ಕಾಲು ಚಾಚಿ ಕೂರುತ್ತಿದ್ದಳು. ಸೀಟು ಸಿಗುತ್ತದೆ ಎಂದರೆ ಮನುಷ್ಯ ಏನನ್ನು ಬೇಕಾದರೂ ಕಲಿಯುತ್ತಾನೆ. ನಮ್ಮ ಶಿಕ್ಷಣ ತಜ್ಞರು ಇದರ ಮೇಲೆ ಇನ್ನೂ ಕೆಲಸ ಮಾಡಿದಂತಿಲ್ಲ.

ಮೇಷ್ಟ್ರು ಇಲ್ಲದ ದಿನ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಆಗ ಎರಡನೆಯ ಕಾನೂನು ಹುಟ್ಟಿತು. ಇದನ್ನು ಮಾಡಿದವರು ವಿದ್ಯಾರ್ಥಿಗಳೇ. ಉತ್ತರದ ಬಗ್ಗೆ ತಕರಾರು ಬಂದರೆ ಕೈ ಎತ್ತುವುದು; ಹೆಚ್ಚು ಕೈ ಯಾವ ಕಡೆಗೋ ಆ ಉತ್ತರ ಸರಿ. ದಿನವೂ ಪ್ರಜಾಪ್ರಭುತ್ವದ ಪಾಠ ಕೇಳಿದವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮೇಷ್ಟ್ರು ನಕ್ಕು, ನಾನು ಬಂದು ತೀರ್ಪು ಕೊಡುವವರೆಗೆ ಮಾತ್ರ ಎಂದು ಒಂದು ತಿದ್ದುಪಡಿ ಸೇರಿಸಿ ಒಪ್ಪಿಕೊಂಡರು.

ಈ ತರಗತಿಯ ಹಿರಿಯ ವಿದ್ಯಾರ್ಥಿನಿ ಮುನಿರತ್ನಮ್ಮ. ಬಂಗಾರಪೇಟೆಯ ಪಕ್ಕದ ಹಳ್ಳಿಯವರು. ಮನೆಯವರೆಲ್ಲ ಕೂಲಿಗೆ ಹೋಗುವವರು. ಇವರೊಬ್ಬರು ಉರಿಗಾಂನ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದರು. ಏಳನೇ ಕ್ಲಾಸಿಗೆ ಬಿಟ್ಟ ಓದನ್ನು ಎರಡು ಮಕ್ಕಳಾದ ಮೇಲೆ ಮತ್ತೆ ಹಿಡಿದು, ಪ್ರವೇಶ ಪರೀಕ್ಷೆ ಪಾಸು ಮಾಡಿದ್ದರು. ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಒಂದು ಪಾಠ ಓದುತ್ತಿದ್ದರಂತೆ. ಮೇಷ್ಟ್ರು ಬರದ ದಿನ ತರಗತಿ ಇವರದೇ. ಅಂಥ ದಿನ ನಾವು ಹೆಚ್ಚು ಹೆದರುತ್ತಿದ್ದೆವು.

ಆದರೆ ಬಿ.ಎ. ಪರೀಕ್ಷೆ ಬರೆಯಬೇಕಾದರೆ ಬೆಂಗಳೂರಿಗೆ ಹೋಗಿ, ಪರೀಕ್ಷೆ ಮುಗಿಯುವವರೆಗೆ ಅಲ್ಲಿಯೇ ಇರಬೇಕಾಗಿತ್ತು. ಹಾಸ್ಟೆಲಿನಲ್ಲಿ ಅಷ್ಟು ರಜೆ ಕೊಡುವಂತಿರಲಿಲ್ಲ. ಮನೆಯಲ್ಲಿ, ಗಂಡನನ್ನು ಒಪ್ಪಿಸಬಹುದಿತ್ತು, ಅತ್ತೆಯನ್ನು ಒಪ್ಪಿಸುವಂತಿರಲಿಲ್ಲ. ಉರಿಗಾಂನಲ್ಲೇ ಪರೀಕ್ಷಾ ಕೇಂದ್ರ ಕೊಡಿ ಎಂದು ಮೇಷ್ಟ್ರು ವಿಶ್ವವಿದ್ಯಾಲಯಕ್ಕೆ ಬರೆದು ಬರೆದು ಸಾಕಾಗಿದ್ದರು. ಸಿಕ್ಕಿದರೆ ಮುನಿರತ್ನಮ್ಮ ಬಿ.ಎ.; ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಅವರು ಅದನ್ನು ಅಳುತ್ತ ಹೇಳಿದವರಲ್ಲ. ಬೆಂಗ್ಳೂರಾಗೇ ಬರೀಬೇಕು ಅಂದ್ರೆ ನಾನು ಬರಿಯಾಕಿಲ್ಲ ಬುಡಿ ಸಾ ಎಂದು, ಸಾರಿಗೆ ಉಪ್ಪು ಸಾಕು ಎನ್ನುವ ದನಿಯಲ್ಲಿ ಹೇಳಿದ್ದರು.

ಕೊನೆಗೊಂದು ದಿನ, ವಿಶ್ವವಿದ್ಯಾಲಯದಿಂದ ಒಬ್ಬರು ಬಂದು ನೋಡಿ ತೀರ್ಮಾನಿಸುತ್ತಾರೆ ಎಂಬ ಸುದ್ದಿ ಬಂತು. ಬೆಂಗಳೂರಿನ ಗಾಡಿಯಲ್ಲಿ ಬಂಗಾರಪೇಟೆಗೆ ಬಂದು, ನಮ್ಮ ಪ್ಯಾಸೆಂಜರು ಹಿಡಿದು ಉರಿಗಾಂಗೆ ಹೋಗುವುದು ಅವರ ಯೋಜನೆ. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ದೊಡ್ಡವರು ಮುಂದಿನ ಬೋಗಿಯಲ್ಲಿ ಕೂರುತ್ತಾರೆಂದು ಲೆಕ್ಕ ಹಾಕಿ, ಇಂಜಿನ್ನಿನ ಹತ್ತಿರ ಹೋಗಿ ನಿಂತರು. ಆ ದೊಡ್ಡವರು ಓಡುತ್ತ ಬಂದು, ಹತ್ತಿರ ಸಿಕ್ಕಿದ ಕೊನೆಯ ಬೋಗಿಗೆ ಹತ್ತಿ, ಕಿಟಕಿ ಪಕ್ಕ ಖಾಲಿ ಇದ್ದ ಮೇಷ್ಟ್ರ ಸೀಟಿನಲ್ಲೇ ಕೂತುಬಿಟ್ಟರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ತೋಳಿಗೆ ಒಂದು ಬಟ್ಟೆಯ ಚೀಲ. ಇವರು ಅವರೇ ಎಂದು ಯಾರಿಗೂ ಅನಿಸಲಿಲ್ಲ. ಪರೀಕ್ಷೆ ಕಟ್ಟಲು ಬಂದ ಹೊಸ ವಿದ್ಯಾರ್ಥಿ ಎಂದುಕೊಂಡೆವು.

ಗಾಡಿ ಹೊರಟ ಕೂಡಲೇ ಮುನಿರತ್ನಮ್ಮ ಅವರ ಕಡೆ ತಿರುಗಿ, ಈ ಬೋಗಿಯ ಕಾನೂನು ತಿಳಿಸಿ, ಪ್ರಶ್ನೆ ಹಾಕಿದರು. ರಾಜ್ಯಸಭೆಯನ್ನು ವಿಸರ್ಜನೆ ಮಾಡುವ ಅಧಿಕಾರ ಯಾರಿಗಿದೆ? ಹಿಂದಿನ ವಾರವಷ್ಟೇ ಲೋಕಸಭೆಯ ಪಾಠವಾಗಿತ್ತು. ಅದನ್ನು ರಾಷ್ಟ್ರಪತಿಗಳು ವಿಸರ್ಜಿಸುತ್ತಾರೆ ಎಂದಮೇಲೆ ಇದನ್ನೂ ಅವರೇ ತಾನೇ ಎಂಬುದು ಮುನಿರತ್ನಮ್ಮನವರ ಸ್ವಂತ ಸಂಶೋಧನೆ.

ಬಂದವರು ಕನ್ನಡಕ ಒರೆಸಿಕೊಳ್ಳುತ್ತ, ಯಾರಿಗೂ ಇಲ್ಲ ಎಂದರು.

ಬೋಗಿ ಗೊಳ್ಳೆಂದಿತು. ಮುನಿರತ್ನಮ್ಮ ನಗಲಿಲ್ಲ. ಅವರ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ ಎಂದು ನಂಬಿದ್ದೇನೆ.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ ಸಾ, ಅವಮಾನ ಏನೂ ಇಲ್ಲ. ಯಾರ್‍ಗೂ ಇಲ್ಲ ಅಂದ್ರೆ ಎಂಗೆ? ದೇಶದಾಗೆ ಒಂದನ್ನ ತೆಗೆದವ್ರೆ ಅಂದ್ ಮ್ಯಾಕೆ, ಅದನ್ನ ಮುಚ್ಚಾಕೆ ಒಬ್ಬ ಇದ್ದೇ ಇರ್ತಾನೆ."

ಬಹಳ ವರ್ಷಗಳ ಮೇಲೆ ಗಣಿಗಳಿಗೆ ಬೀಗ ಬಿದ್ದಾಗ ನನಗೆ ಮೊದಲು ನೆನಪಾದದ್ದು ಈ ಮಾತು. ಅವತ್ತು ಮಾತ್ರ ಅದು ಬರೀ ತಮಾಷೆಯಾಗಿತ್ತು. ಬಂದವರು ತಮ್ಮ ಉತ್ತರ ಬಿಡಲಿಲ್ಲ. ಮುನಿರತ್ನಮ್ಮ ತಮ್ಮ ಪ್ರಶ್ನೆ ಬಿಡಲಿಲ್ಲ. ಸರಿ, ವೋಟಿಗೆ ಹಾಕಿದರು. ರಾಷ್ಟ್ರಪತಿ ಎನ್ನುವವರು ಯಾರು ಎಂದಾಗ ಬೋಗಿಯ ತುಂಬ ಕೈಗಳು ಎದ್ದವು. ಪಾಠಕ್ಕೂ ತಮಗೂ ಸಂಬಂಧವಿಲ್ಲದ ಗಣಿಯ ಕೆಲಸಗಾರರೂ, ನಮ್ಮ ಕಡೆಯ ಹೆಣ್ಣುಮಗಳು ಸೋಲಬಾರದೆಂದು ಎತ್ತಿದರು. ಯಾರಿಗೂ ಇಲ್ಲ ಎನ್ನುವವರು ಎಂದಾಗ ಬಂದವರು ತಮ್ಮ ಒಂದು ಕೈಯನ್ನು ತಾವೇ ಎತ್ತಿಕೊಂಡರು. ಅವರು ಗಣಿತದ ಪ್ರಾಧ್ಯಾಪಕರೆಂದು ಆಮೇಲೆ ತಿಳಿಯಿತು. ಆ ವಿಷಯದವರಿಗೆ ಬಹುಮತದ ಮೇಲೆ ಅಷ್ಟೇನೂ ಗೌರವವಿರುವುದಿಲ್ಲ. ಆದರೆ ಕಾನೂನಿನ ಮೇಲೆ ಇತ್ತು. ಚೀಲ ಎತ್ತಿಕೊಂಡು ಎದ್ದು, ಕಂಬಿ ಹಿಡಿದು ನಿಂತರು.

ನಾನು ರಾಜ್ಯಶಾಸ್ತ್ರ ಓದುತ್ತಿದ್ದವನು. ಸರಿಯುತ್ತರ ನನಗೆ ಗೊತ್ತಿರಬೇಕಾಗಿತ್ತು. ನಾನು ಅವತ್ತು ಕೈ ಎತ್ತಲಿಲ್ಲ ಎಂದು ನನ್ನ ಜ್ಞಾಪಕ ಹೇಳುತ್ತದೆ. ಇಂಥ ಜಾಗಗಳಲ್ಲಿ ಜ್ಞಾಪಕ ಬಹಳ ಸಭ್ಯವಾಗಿ ವರ್ತಿಸುತ್ತದೆ.

ಕೋರಮಂಡಲಿನಲ್ಲಿ ಗಾಡಿ ನಿಂತಿತು. ಮುಂದಿನ ಬೋಗಿಯಲ್ಲಿ ಹತ್ತಿದ್ದ ಮೇಷ್ಟ್ರು ಅಲ್ಲಿಂದ ಒಂದೊಂದೇ ಬೋಗಿ ಇಣುಕುತ್ತ ಪ್ಲಾಟ್‌ಫಾರಂ ಉದ್ದಕ್ಕೂ ಓಡಿಬಂದು ನಮ್ಮ ಬೋಗಿ ಹತ್ತಿದರು. ನೋಡುತ್ತಾರೆ, ತಾವು ಹುಡುಕುತ್ತಿದ್ದವರು ತಮ್ಮದೇ ವಿದ್ಯಾರ್ಥಿಗಳ ನಡುವೆ ಶಿಕ್ಷೆಗೆ ನಿಂತಿದ್ದಾರೆ. ಮೇಷ್ಟ್ರ ಬಾಯಿಂದ ಮಾತು ಹೊರಡುವ ಮೊದಲೇ ಮುನಿರತ್ನಮ್ಮ ವಿಷಯವೆಲ್ಲ ವರದಿ ಮಾಡಿ, ನೀವೇ ತೀರ್ಪು ಕೊಡಿ ಸಾ ಎಂದುಬಿಟ್ಟರು.

ಆ ಗಳಿಗೆಯಲ್ಲಿ ಮೇಷ್ಟ್ರ ಮುಖ ಹೇಗಿತ್ತೆಂಬುದನ್ನು ನಾನು ಮರೆತಿಲ್ಲ. ನೀವೇ ಯೋಚಿಸಿ. ಮುನಿರತ್ನಮ್ಮನವರದು ತಪ್ಪು ಎಂದರೆ, ಈ ಬೋಗಿಯಲ್ಲಿ ಪಾಠ ಎಂಥದ್ದು ನಡೆಯುತ್ತಿದೆ ಎಂಬುದು ಪರೀಕ್ಷಿಸಲು ಬಂದವರ ಮುಂದೆಯೇ ಬಯಲಾಗುತ್ತದೆ. ಸರಿ ಎಂದರೆ, ಪಾಠ ಹೇಳುವವನೇ ಹೀಗೆ ಎಂದಾಗುತ್ತದೆ. ಹೇಗೆ ಹೇಳಿದರೂ ಪರೀಕ್ಷಾ ಕೇಂದ್ರ ಕೈಬಿಟ್ಟಂತೆಯೇ. ಮೇಷ್ಟ್ರು ಮುನಿರತ್ನಮ್ಮನ ಕಡೆ ತಿರುಗಿದರು.

"ನಿಮ್ಮದು ತಪ್ಪು ಮುನಿರತ್ನಮ್ಮ. ರಾಜ್ಯಸಭೇನ ಯಾರೂ ವಿಸರ್ಜಿಸೋ ಹಾಗಿಲ್ಲ. ಸದಸ್ಯರು ಸರದಿ ಮೇಲೆ ನಿವೃತ್ತರಾಗ್ತಾರೆ, ಸಭೆ ನಡೀತಾನೇ ಇರುತ್ತೆ. ಇವರು ಹೇಳಿದ್ದೇ ಸರಿ." ಆಮೇಲೆ, ಇದನ್ನೂ ಹೇಳಿಬಿಡುವುದು ವಾಸಿ ಎನ್ನುವಂತೆ, "ಇವರು ಯೂನಿವರ್ಸಿಟಿಯಿಂದ ಬಂದಿರೋರು" ಎಂದರು.

ಮುನಿರತ್ನಮ್ಮ ಕ್ಷಮೆ ಕೇಳುತ್ತಾರೆ, ಕೈಮುಗಿಯುತ್ತಾರೆ ಎಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, ಸುತ್ತ ನೋಡಿ ಹೇಳಿದರು:

"ಅಂಗಾದ್ರೆ ಕೈ ಎತ್ತಿದೋರೆಲ್ಲಾ ನಿಂತ್ಕಳ್ರಪ್ಪಾ."

ಫಿಟ್ಟರುಗಳು ನಿಂತರು, ನರ್ಸು ನಿಂತಳು, ಕಡಲೆಕಾಯಿ ಮುದುಕಿ ಬುಟ್ಟಿ ಸಮೇತ ನಿಂತಳು. ಬಾಗಿಲ ಬಳಿ ತೂಕಡಿಸುತ್ತಿದ್ದವನೊಬ್ಬ ಯಾಕೆಂದು ಗೊತ್ತಿಲ್ಲದೆ ನಿಂತ. ನಾನೂ ನಿಂತಿದ್ದೆ. ಬೋಗಿಗೆ ಬೋಗಿಯೇ ತಪ್ಪೊಪ್ಪಿಕೊಂಡು ಎದ್ದು ನಿಂತಿತು; ಖಾಲಿ ಬೆಂಚುಗಳ ನಡುವೆ ಆ ಗಣಿತದ ಪ್ರಾಧ್ಯಾಪಕರೊಬ್ಬರೇ ಕಿಟಕಿ ಪಕ್ಕ ಕೂತು, ಉರಿಗಾಂವರೆಗೆ ರಾಜರ ಹಾಗೆ ಬಂದರು. ಮುಂದೆ ಪರೀಕ್ಷಾ ಕೇಂದ್ರ ಸಿಕ್ಕಿತು. ಮುನಿರತ್ನಮ್ಮ ಬಿ.ಎ. ಆದರು.

ಈ ಕಥೆಯನ್ನು ನಾನು ಹೀಗೆಯೇ ಹೇಳಿಕೊಂಡು ಬಂದವನು. ಕಳೆದ ಚಳಿಗಾಲದ ಆ ಭಾಷಣದಲ್ಲೂ ಹೇಳಿದೆ. ರಾಷ್ಟ್ರ ನಿರ್ಮಾಣದಲ್ಲಿ ವಿಶ್ವವಿದ್ಯಾಲಯಗಳ ಪಾತ್ರ ಎಂಬ ವಿಷಯ ಕೊಟ್ಟಿದ್ದರು. ಅಂಥ ವಿಷಯ ಕೊಟ್ಟಾಗ ಸಭಿಕರು ನಿದ್ದೆ ಹೋಗದಂತೆ ನೋಡಿಕೊಳ್ಳುವುದು ಭಾಷಣಕಾರನ ಮೊದಲ ಕರ್ತವ್ಯ. ಕೊನೆಗೆ ನನ್ನ ಯಾವತ್ತಿನ ಚಟಾಕಿ ಹಾರಿಸಿದೆ: ದೇಶವೆಲ್ಲ ಎದ್ದು ನಿಂತಾಗ ವಿಶ್ವವಿದ್ಯಾಲಯವೊಂದೇ ಕಿಟಕಿ ಪಕ್ಕ ಕೂತಿತ್ತು. ಚಪ್ಪಾಳೆ ಬಿತ್ತು. ಕುಲಪತಿಗಳು ಕೂಡ ನಕ್ಕರು, ಸ್ವಲ್ಪ ತಡವಾಗಿ.

ಕೆಳಗಿಳಿದು ಬಂದಾಗ ಒಬ್ಬ ಹುಡುಗಿ ಎದುರು ನಿಂತಳು. ಅಲ್ಲಿಯೇ ಎಂ.ಎಸ್ಸಿ. ಓದುತ್ತಿದ್ದವಳು.

"ಸರ್, ಮುನಿರತ್ನಮ್ಮ ನಮ್ಮ ಅಜ್ಜಿ. ಈ ಕಥೆ ನಮ್ಮನೇಲೂ ಇದೆ. ಆದ್ರೆ ಅಜ್ಜಿ ಹೇಳೋದ್ರಲ್ಲಿ ಆ ಪ್ರೊಫೆಸರ್ ಕೂತಿರಲ್ಲ."

ನನ್ನ ಮನಸ್ಸಿನ ಸ್ಥಿತಿಯನ್ನು ಏನೆಂದು ಹೇಳಲಿ! ಸಾಕ್ಷಿ ಬದುಕಿದ್ದಾರೆ, ಮತ್ತು ನನಗೆ ವಿರುದ್ಧವಾಗಿ ಹೇಳುತ್ತಿದ್ದಾರೆ. ಇತಿಹಾಸದವನಿಗೆ ಇದಕ್ಕಿಂತ ಸಂತೋಷದ, ಇದಕ್ಕಿಂತ ನಿದ್ದೆಗೆಡಿಸುವ ಸುದ್ದಿ ಇನ್ನೊಂದಿಲ್ಲ. ಆ ಭಾನುವಾರವೇ ಬಂಗಾರಪೇಟೆಯ ರೈಲು ಹತ್ತಿದೆ.

ಮುನಿರತ್ನಮ್ಮ ಮನೆ ಮುಂದೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಬಿ.ಎ. ಆದ ಮೇಲೆ ಅದೇ ಹಾಸ್ಟೆಲಿಗೆ ಮೇಲ್ವಿಚಾರಕಿಯಾಗಿ, ಅಡುಗೆಯವರನ್ನೆಲ್ಲ ಪರೀಕ್ಷೆಗೆ ಕೂರಿಸಿ, ಒಂದು ಕಾಲದಲ್ಲಿ ಅಲ್ಲಿ ಸಾರು ಮಾಡುವವರೇ ಇಲ್ಲದಂತೆ ಮಾಡಿದರೆಂದು ಮೊಮ್ಮಗಳು ಹೇಳಿದ್ದಳು. ನನ್ನನ್ನು ನೋಡಿ ಗುರುತು ಹಿಡಿದರು. ಒಂದು ಹಿಡಿ ಅವರೆಕಾಯಿ ನನ್ನ ಮುಂದೆಯೂ ಸುರಿದರು. ನಾನು ಸುಲಿಯುತ್ತ, ಕೈ ಎತ್ತಿದವರ ಪೈಕಿ ನಾನಿರಲಿಲ್ಲ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಲು ನೋಡಿದೆ.

"ನೀನಾ? ಎಲ್ಡೂ ಕೈ ಎತ್ತಿದ್ದೆ ಕಣಪ್ಪಾ. ಒಂದು ಕೆಳಗಿಳಿಸು ಅಂತ ನಾನೇ ಅಂದಿದ್ದೆ."

ಅದು ಅಲ್ಲಿಗೆ ಇರಲಿ ಎಂದು, ಪ್ರಾಧ್ಯಾಪಕರ ವಿಷಯಕ್ಕೆ ಬಂದೆ. ಮುನಿರತ್ನಮ್ಮ ಹೇಳಿದ್ದು ಹೀಗೆ. ಎಲ್ಲರೂ ನಿಂತಾಗ ಪ್ರಾಧ್ಯಾಪಕರು ಕೂತದ್ದು ನಿಜ, ಆದರೆ ಒಂದು ಗಳಿಗೆ. ಕೂತವರಿಗೆ ಮುಜುಗರವಾಗಿ, ನನಗೆ ಇನ್ನೊಂದು ಪ್ರಶ್ನೆ ಕೇಳಿ ಎಂದರಂತೆ. ಆಗ ಇವರು ತಮ್ಮಲ್ಲಿದ್ದ ಒಂದೇ ಪ್ರಶ್ನೆಯನ್ನು ಕೇಳಿದರಂತೆ.

"ನಮ್‌ಗೆ ಸೆಂಟ್ರು ಕೊಡ್ತೀರಾ, ಇಲ್ವಾ ಅಂದೆ. ಅವ್ರು ಕಿಟಕಿ ಆಚೆ ನೋಡಿದ್ರು. ಒಬ್ಬನೇ ಕೊಡೋಕಾಗಲ್ಲಮ್ಮ, ಅಲ್ಲಿ ಕಮಿಟಿ ಅದೆ, ಏನಂತಾರೋ ಈಗ ನನಗೂ ಗೊತ್ತಿಲ್ಲ ಅಂದ್ರು. ಗೊತ್ತಿಲ್ಲ ಅಂದ್‌ಬುಟ್ರಲ್ಲ, ಅವ್ರೇ ಎದ್ದು ನಮ್ ಪಕ್ಕ ನಿಂತ್ಕಂಡ್ರು. ಉರಿಗಾಂ ಗಂಟ ನಿಂತೇ ಬಂದ್ರು."

ನಾನು ಸುಲಿಯುವುದನ್ನು ನಿಲ್ಲಿಸಿದೆ. ಎಷ್ಟು ಚೆನ್ನಾಗಿದೆ ನೋಡಿ. ಅಷ್ಟು ಚೆನ್ನಾಗಿದೆ ಎಂದೇ ನನಗೆ ಅನುಮಾನ ಬಂತು. ಕೇಂದ್ರ ಸಿಕ್ಕಿದವರ ಜ್ಞಾಪಕದಲ್ಲಿ ಕೊಟ್ಟವರು ಎದ್ದು ನಿಲ್ಲುವುದು ಸಹಜ. ಹಾಗೆಯೇ, ವಿಶ್ವವಿದ್ಯಾಲಯಗಳನ್ನು ಗೇಲಿ ಮಾಡಿಕೊಂಡೇ ಅವುಗಳ ಸಂಬಳ ತಿಂದವನ ಜ್ಞಾಪಕದಲ್ಲಿ ಅವರು ಕೂತೇ ಇರುವುದೂ ಸಹಜ. ಇಬ್ಬರಿಗೂ ಅವರವರ ಕಥೆ ಬೇಕು. ಮೇಷ್ಟ್ರು ಈಗಿಲ್ಲ, ಆ ಪ್ರಾಧ್ಯಾಪಕರೂ ಇಲ್ಲ. ನನ್ನ ಅನುಮಾನವನ್ನು ಹೇಳಿದಾಗ ಮುನಿರತ್ನಮ್ಮನಿಗೆ ಬೇಸರವಾಗಲಿಲ್ಲ. ವೋಟಿಗೆ ಹಾಕೋಣ್ವಾ ಎಂದು ನಕ್ಕು, ಒಳಗೆ ಕರೆದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ನನ್ನ ಸುಲಿತ ಬಹಳ ನಿಧಾನವೆಂದೂ ಹೇಳಿದರು.

ಬೇಕಾಗಿದ್ದದ್ದು ಮೂರನೆಯ ಸಾಕ್ಷಿ: ಕಥೆ ಗೊತ್ತಿಲ್ಲದ, ಕಥೆಯಲ್ಲಿ ಪಾಲಿಲ್ಲದ, ಆದರೆ ಆ ಬೋಗಿಯಲ್ಲಿದ್ದ ಒಬ್ಬ ಮನುಷ್ಯ. ಇಂಥವನು ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೆಲವು ತಿಂಗಳು ಕೋರಮಂಡಲ್, ಉರಿಗಾಂ ಕಡೆ ಅಲೆದೆ. ಹಳಬರು ಎಂದು ಯಾರು ಯಾರನ್ನು ತೋರಿಸಿದರೋ ಅವರ ಜತೆಯಲ್ಲೆಲ್ಲ ಟೀ ಕುಡಿದೆ. ಈ ವಯಸ್ಸಿಗೆ ಇದೇನು ಹುಚ್ಚು ಎಂದು ಹೆಂಡತಿ ಕೇಳಿದರೆ ಮುಂದಿನ ರೈಲಿನ ಸಮಯ ನೋಡುತ್ತಿದ್ದೆ. ನನ್ನ ಚಟಾಕಿ ಸುಳ್ಳಾಗಲಿ ಎಂದು ನಾನೇ ಆಸೆಪಡುತ್ತಿದ್ದೆ ಎಂಬುದು ಮಾತ್ರ ದಿನೇ ದಿನೇ ಸ್ಪಷ್ಟವಾಗುತ್ತಿತ್ತು.

ಮೊನ್ನೆ ಆಂಡರ್ಸನ್‌ಪೇಟೆಯಲ್ಲಿ ಒಬ್ಬ ಮುದುಕ ಟೈಲರ್ ಸಿಕ್ಕಿದ, ಸೆಲ್ವರಾಜ್ ಎಂದು. ಹರೆಯದಲ್ಲಿ ಕೋರಮಂಡಲಿನಲ್ಲಿ ಹತ್ತಿ, ಉರಿಗಾಂ ದಾಟಿ ಮುಂದಿನ ಸ್ಟೇಷನ್ನಿನ ಅಂಗಡಿಯೊಂದಕ್ಕೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದನಂತೆ. ಮುನಿರತ್ನಮ್ಮನ ಹೆಸರು ಅವನು ಕೇಳಿರಲಿಲ್ಲ. ರೈಲಿನಲ್ಲಿ ಪಾಠ ನಡೆಯುತ್ತಿತ್ತೆಂಬುದೂ ಗೊತ್ತಿರಲಿಲ್ಲ. ಯಾವಾಗಲೂ ಮುಂದಿನ ಬೋಗಿಗೆ ಹತ್ತುತ್ತಿದ್ದವನಂತೆ. ಸಾಕ್ಷಿಯ ಬಾಯಿಗೆ ನಾವು ಮಾತು ತುರುಕಬಾರದು. ಆದ್ದರಿಂದ ನಾನು ಪ್ಯಾಂಟಿನ ಕಾಲು ಚಿಕ್ಕದು ಮಾಡಿಸುವ ನೆಪದಲ್ಲಿ ಕೂತು, ಆ ಗಾಡಿಯಲ್ಲಿ ವಿಚಿತ್ರವಾದದ್ದು ಏನಾದರೂ ಕಂಡದ್ದುಂಟೇ ಎಂದಷ್ಟೇ ಕೇಳಿದೆ.

ಅವನು ದಾರವನ್ನು ಹಲ್ಲಿನಲ್ಲಿ ಕಡಿದು, ಸ್ವಲ್ಪ ಯೋಚಿಸಿದ. ಒಂದು ದಿನ ಗಾಡಿ ಹೊರಟುಬಿಟ್ಟಿತ್ತಂತೆ. ಓಡಿ, ಸಿಕ್ಕಿದ ಕೊನೆಯ ಬೋಗಿಗೆ ಹಾರಿಕೊಂಡನಂತೆ.

"ಒಳ್ಗೆ ನೋಡಿದ್ರೆ ಸಾರ್, ಕೂಟಂ ಅಂದ್ರೆ ಕೂಟಂ, ಅಷ್ಟು ಜನ, ಆದ್ರೆ ಎಲ್ಲಾ ನಿಂತವ್ರೆ. ಹೆಂಗಸ್ರು, ಗಂಡಸ್ರು, ಕೋಟ್ ಹಾಕಿದೋರು, ಕನ್ನಡಕ ಹಾಕಿದೋರು, ಎಲ್ಲಾ. ಬೆಂಚು ಪೂರಾ ಖಾಲಿ. ಯಾರಾನಾ ಸತ್ತೋಗಿದಾರಾ ಅಂತ ಭಯ ಆಯ್ತು. ಆದ್ರೆ ಎಲ್ಲಾ ನಗ್ತಾವ್ರೆ. ನಾನು ಯಾಕೇಂತ ಕೇಳ್ಲಿಲ್ಲ ಸಾರ್. ಕೂತ್ಕಂಡೆ."

ಕಿಟಕಿ ಪಕ್ಕದಲ್ಲಿ ಕೂಡ ಯಾರೂ ಕೂತಿರಲಿಲ್ಲವೇ ಎಂದು ಕೇಳಿದೆ.

ಸೆಲ್ವರಾಜ್ ನನ್ನನ್ನು ಕರುಣೆಯಿಂದ ನೋಡಿದ.

"ಕಿಟಕಿ ಪಕ್ಕ ನಾನೇ ಕೂತಿದ್ದೆನಲ್ಲ ಸಾರ್."